ಬೂದಿಯ ಬಾಲವೂ ಸಿಗ್ನಲಪ್ಪನವರ ಕೈಮರವೂ

ಸಿಗ್ನಲಪ್ಪನವರಿಗೆ ಬೆಕ್ಕಿನ ಭಾಷೆ ಬರುತ್ತದೆ ಎಂಬ ಸುದ್ದಿ ಹೊರಟದ್ದು ಬೀದಿಯ ಕೊನೆಯ ಕ್ಷೌರದಂಗಡಿಯಿಂದ. ಹೊರಡಿಸಿದವರು ಸ್ವತಃ ಸಿಗ್ನಲಪ್ಪನವರೇ. ಗಲ್ಲದ ತುಂಬ ಸೋಪಿನ ನೊರೆ ಇರುವಾಗ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಅವರು ಮುಚ್ಚಿಕೊಂಡಿರಲಿಲ್ಲ.

ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಬಾಚಣಿಗೆಗಳ ನಡುವೆ, ಅಂಗಡಿಯವನ ಹಳದಿ ಬೆಕ್ಕು ಕೂತಿತ್ತು. "ಇದರ ಹೊಟ್ಟೇಲಿ ಏನಿದೆ ಅಂತ ದೇವರಿಗೂ ಗೊತ್ತಾಗಲ್ಲ ಬಿಡಿ," ಎಂದ ಅವನು ಕತ್ತಿ ಮಸೆಯುತ್ತಾ. ಸುಮ್ಮನೆ ಮಾತಿಗೆ ಆಡಿದ ಮಾತು ಅದು.

"ನನಗೆ ಗೊತ್ತಾಗತ್ತೆ," ಎಂದಿತು ನೊರೆ.

"ಹೌದಾ? ಅದು ಹೆಂಗೆ?"

"ಬಾಲ ನೋಡಪ್ಪ. ಬಾಲ ಅಂದ್ರೇನು? ಕೈಮರ. ಬೆಕ್ಕು ಅಂದ್ರೇನು? ಕೈಮರಕ್ಕೆ ಕಾಲು ಬಂದಿರೋದು. ಜೀವಮಾನವೆಲ್ಲ ಸಿಗ್ನಲ್ ನೋಡಿದವನಿಗೆ ಇದೊಂದು ದೊಡ್ಡದಾ?"

ಸಿಗ್ನಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ನಿವೃತ್ತರಾಗುವವರೆಗೂ ಅವರು ರೈಲ್ವೆ ಸ್ಟೇಷನ್ನಿನ ಕ್ಯಾಬಿನ್ನಿನಲ್ಲಿ ನಿಂತು, ಎದೆಮಟ್ಟದ ಕಬ್ಬಿಣದ ಲಿವರುಗಳನ್ನು ಎಳೆದು, ದೂರದ ಕಂಬದ ಮೇಲಿನ ಕೆಂಪು ಕೈಯನ್ನು ಏಳಿಸಿ ಬೀಳಿಸಿದವರು. ಅವರ ಸ್ಟೇಷನ್ನಿನ ಕಾನೂನು ಸರಳ: ಕೈಮರ ಎದ್ದಿದ್ದರೆ ರೈಲು ನಿಲ್ಲಬೇಕು, ಬಿದ್ದಿದ್ದರೆ ಹೊರಡಬಹುದು. ಈ ಎರಡೇ ಸತ್ಯಗಳ ಮೇಲೆ ಅವರು ಸಂಸಾರ ಕಟ್ಟಿದ್ದರು, ಮಗನನ್ನು ಓದಿಸಿದ್ದರು, ಪೆನ್ಷನ್ ತರುತ್ತಿದ್ದರು. ಮೂರನೆಯದೊಂದು ಸತ್ಯ ಬೇಕೆಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಕತ್ತಿ ಮಸೆಯುವ ಸದ್ದಿಗೆ ಹಳದಿ ಬೆಕ್ಕು ಬಾಲವನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಕಿವಿ ಚಪ್ಪಟೆ ಮಾಡಿಕೊಂಡು ಕೂತಿತ್ತು.

"ನೋಡು, ಕೈ ಬಿದ್ದಿದೆ. ಲೈನ್ ಕ್ಲಿಯರ್. ಎತ್ಕೊಂಡು ಮುದ್ದು ಮಾಡು."

ಅಂಗಡಿಯವನು ಎತ್ತಿಕೊಂಡ. ಮರುಗಳಿಗೆಯಲ್ಲಿ ಬೆಕ್ಕು ಬೀದಿಯಲ್ಲಿತ್ತು. ಅವನ ಮುಂಗೈಯ ಮೇಲೆ ನೀಟಾದ ಕೆಂಪು ಗೆರೆಗಳಿದ್ದವು.

"ಸಿಗ್ನಲ್ ಸರಿಯಾಗೇ ಇತ್ತು," ಎಂದರು ಸಿಗ್ನಲಪ್ಪ, ಶಾಂತವಾಗಿ. "ಡ್ರೈವರ್ ತಪ್ಪು." ಮನೆಯಲ್ಲಿ ಏನು ಎಡವಟ್ಟಾದರೂ ಅವರು ಹೇಳುವುದು ಇದನ್ನೇ.

ಇಷ್ಟಕ್ಕೇ ಅವರ ಕೀರ್ತಿ ಮುಗಿಯಬೇಕಿತ್ತು. ಆದರೆ ಸುದ್ದಿ ನೇರ ದಾರಿಯಲ್ಲಿ ನಡೆದದ್ದುಂಟೇ? ಮಧ್ಯಾಹ್ನದ ಹೊತ್ತಿಗೆ ಅದು ಬೀದಿ ದಾಟುವಷ್ಟರಲ್ಲಿ, 'ಬೆಕ್ಕು ಪರಚುತ್ತದೆ ಅಂತ ಸಿಗ್ನಲಪ್ಪನವರು ಮೊದಲೇ ಹೇಳಿದ್ದರಂತೆ, ಇವನೇ ಕೇಳಲಿಲ್ಲವಂತೆ' ಎಂದಾಗಿತ್ತು.

ಇನ್ನು ಅವರ ಮನೆಯ ಬೆಕ್ಕಿನ ವಿಷಯ. ಅದು ಬಂದದ್ದು ಸೊಸೆಯ ಜೊತೆ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಮಗ ಮದುವೆಯಾಗಿ ಕರೆದುಕೊಂಡು ಬಂದ ಹುಡುಗಿಯ ಬಳಿ ಒಂದು ಟ್ರಂಕು, ಪುಸ್ತಕ ತುಂಬಿದ ರಟ್ಟಿನ ಡಬ್ಬ, ಬೆತ್ತದ ಬುಟ್ಟಿಯಲ್ಲಿ ಬೂದಿ ಎಂಬ ಬೂದು ಬಣ್ಣದ ಹೆಣ್ಣು ಬೆಕ್ಕು, ಇಷ್ಟಿದ್ದವು. ಮಾತು ಮಾತ್ರ ಇರಲಿಲ್ಲ. ಅತ್ತೆ ಕೇಳಿದ್ದಕ್ಕೆ "ಹೂಂ", "ಆಯ್ತು ಅತ್ತೆ", ಅಷ್ಟೇ. ಮಾವ ಹಜಾರಕ್ಕೆ ಕಾಲಿಟ್ಟರೆ ಓದುತ್ತಿದ್ದ ಪುಸ್ತಕ ಮುಚ್ಚಿ ತಟ್ಟನೆ ಎದ್ದು ನಿಲ್ಲುತ್ತಿದ್ದಳು. ಎದ್ದು ನಿಂತದ್ದು ಏನಿದ್ದರೂ ಸಿಗ್ನಲಪ್ಪನವರ ಲೆಕ್ಕದಲ್ಲಿ ಒಂದೇ ಅರ್ಥ. ಅವರು ಹೊಸ್ತಿಲಲ್ಲೇ ನಿಂತು, ಕೆಮ್ಮಿ, ಏನೋ ಮರೆತವರಂತೆ ಜೇಬು ತಡಕಿ, ಬಂದ ದಾರಿಯಲ್ಲೇ ವಾಪಸಾಗುತ್ತಿದ್ದರು. ಮಗನ ಮದುವೆಯಾದಾಗಿನಿಂದ ಅವರು ಸ್ವಂತ ಹಜಾರದಲ್ಲಿ ನೆಟ್ಟಗೆ ಕೂತೇ ಇರಲಿಲ್ಲ.

ಮನೆ ಬಾಡಿಗೆಯದು, ಮಹಡಿಯ ಮೇಲೆ. ಕೆಳಗೆ ಓನರಮ್ಮ. ಆಕೆಯ ಹಜಾರದ ಗೋಡೆಯುದ್ದಕ್ಕೂ ಬಾಗಿಲಿಲ್ಲದ ಕಪಾಟುಗಳು, ಕಪಾಟಿನ ತುಂಬ ಪಿಂಗಾಣಿ ಗೊಂಬೆಗಳು: ಕೊಡೆ ಹಿಡಿದ ಹೆಂಗಸು, ಕೊಳಲೂದುವ ಹುಡುಗ, ಕತ್ತು ಚಾಚಿದ ಬಾತುಕೋಳಿಗಳು. ಆ ಹಜಾರದಲ್ಲಿ ಸೀನುವುದಕ್ಕೂ ಆಕೆ ಬಿಡುತ್ತಿರಲಿಲ್ಲ. ಮಹಡಿಯ ಮೇಲೆ ಬೆಕ್ಕು ಬಂದಿದೆ ಎಂದು ತಿಳಿದ ದಿನ ಮೆಟ್ಟಿಲ ಕೆಳಗೇ ನಿಂತು ಕೂಗಿದ್ದಳು.

"ಸಿಗ್ನಲಪ್ಪನವರೇ! ಮನೆ ಕೊಡುವಾಗ ಪ್ರಾಣಿ ಗೀಣಿ ಇಲ್ಲ ಅಂದಿದ್ರಿ!"

"ಇದು ಪ್ರಾಣಿ ಅಲ್ಲಮ್ಮ, ಸೊಸೆ ಜೊತೆ ಬಂದಿರೋದು."

"ಭಾನುವಾರ ನಾನೇ ಮೇಲೆ ಬಂದು ನೋಡ್ತೀನಿ. ನನ್ನ ತಮ್ಮನ್ನೂ ಕರ್ಕೊಂಡು ಬರ್ತೀನಿ. ಮರ್ಯಾದಸ್ಥ ಬೆಕ್ಕಾದ್ರೆ ಇರಲಿ. ಇಲ್ಲಾಂದ್ರೆ ಅವತ್ತೇ ಹೊರಗೆ!"

ತಮ್ಮ ಎಂದರೆ ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರು. ಸಿಗ್ನಲಪ್ಪನವರಿಗೆ ಅಷ್ಟೇನೂ ಭಯವಾಗಲಿಲ್ಲ. ಭಯವಾದದ್ದು ಆ ರಾತ್ರಿ ಊಟಕ್ಕೆ ಮುಂಚೆ, ಹೆಂಡತಿ ಅಡುಗೆಮನೆಗೆ ಕರೆದು ಪಿಸುಗುಟ್ಟಿದಾಗ.

"ರೀ, ಸೊಸೆ ಮಗನಿಗೆ ಹೇಳ್ತಿದ್ಲು. 'ಬೂದಿನ ಎಲ್ಲಾದ್ರೂ ಬಿಟ್ಟು ಬರೋದಾದ್ರೆ ನನ್ನನ್ನೂ ಅಲ್ಲೇ ಬಿಟ್ಟು ಬನ್ನಿ' ಅಂತ."

"ಕದ್ದು ಕೇಳಿದ್ಯಾ?"

"ಛೆ, ನಾನ್ಯಾಕೆ ಕದ್ದು ಕೇಳ್ಲಿ? ಬಾಗಿಲ ಹಿಂದೆ ನಿಂತಿದ್ದೆ ಅಷ್ಟೇ. ಅಳ್ತಿದ್ಲು ರೀ. ಪಾಪ, ಇಲ್ಲಿ ಅವಳ ಹತ್ರ ಮಾತಾಡೋದು ಅದೊಂದೇ."

ಸಿಗ್ನಲಪ್ಪನವರು ಎದೆ ಸೆಟೆಸಿದರು. "ಹೆದರಬೇಡ. ಬೆಕ್ಕಿನ ಜವಾಬ್ದಾರಿ ಇವತ್ತಿಂದ ನಂದು. ಅದರ ಒಂದೊಂದು ಸಿಗ್ನಲ್ಲೂ ಕಲಿತುಬಿಡ್ತೀನಿ. ಭಾನುವಾರ ಆಯಮ್ಮನ ಮುಂದೆ ಪ್ಯಾಸೆಂಜರ್ ಗಾಡಿ ಥರ ನಡೆಸಿ ತೋರಿಸ್ತೀನಿ."

ಬೆಕ್ಕಿಗೆ ನಿಜವಾದ ಅಪಾಯ ಬಂದದ್ದು ಇಲ್ಲಿಂದ.

ಅವರು ಪ್ರತಿ ಸಂಜೆ ಮೆಟ್ಟಿಲು ಹತ್ತಿ ಬಂದಾಗ ಬೂದಿ ಬಾಗಿಲಿಗೆ ಓಡಿ ಬರುತ್ತಿತ್ತು, ಬಾಲವನ್ನು ಕಂಬದ ಹಾಗೆ ನೆಟ್ಟಗೆ ಎತ್ತಿಕೊಂಡು, ತುದಿಯನ್ನು ಚೂರು ಕೊಕ್ಕೆ ಮಾಡಿಕೊಂಡು. "ಡೇಂಜರ್," ಎಂದು ಗೊಣಗಿ ಸಿಗ್ನಲಪ್ಪ ಹಿಂದಕ್ಕೆ ಸರಿಯುತ್ತಿದ್ದರು. ಬೂದಿ ಇನ್ನೂ ಹತ್ತಿರ ಬರುತ್ತಿತ್ತು. ಅವರು ಇನ್ನೂ ಹಿಂದಕ್ಕೆ. ಹೀಗೆ ಅದು ಅವರನ್ನು ಪ್ರೀತಿಯಿಂದ ಕೆಳಗಿನ ಮೆಟ್ಟಿಲವರೆಗೂ ಇಳಿಸಿ, ಕೊನೆಗೆ ತನ್ನಲ್ಲೇನು ತಪ್ಪು ಎಂದು ತಿಳಿಯದೆ ಬಾಲ ಇಳಿಬಿಟ್ಟುಕೊಂಡು ತಿರುಗಿ ಹೋಗುತ್ತಿತ್ತು. ಬಾಲ ಬಿದ್ದ ಕೂಡಲೇ ಇವರು "ಲೈನ್ ಕ್ಲಿಯರ್" ಎಂದು ಮೇಲೆ ಹತ್ತುವರು.

ಸೊಸೆಯ ಮಡಿಲಲ್ಲಿ ಮಲಗಿ ಬೂದಿ ಗುರುಗುರು ಎಂದರೆ ಹೊಸ್ತಿಲಾಚೆಯಿಂದಲೇ ಕೇಳಿ ಅವರು ಹಾಕುವ ಲೆಕ್ಕ ಇನ್ನೊಂದು. "ಕೇಳ್ದ್ಯಾ? ಇಂಜಿನ್ನು ಗುರುಗುಟ್ತಾ ಇದೆ. ಹೊರಡೋ ತಯಾರಿ! ಕಿಟಕಿ ಹಾಕು, ಬಾಗಿಲು ಹಾಕು!" ಎಂದು ಹೆಂಡತಿಯನ್ನು ಓಡಿಸುವರು. ಬೇಸಿಗೆಯ ಸಂಜೆ, ಮುಚ್ಚಿದ ಮನೆಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ಕೂರುವರು. ಬೂದಿ ಮಾತ್ರ ಸುಖವಾಗಿ ಗುರುಗುಟ್ಟುತ್ತಲೇ ಇರುವುದು. ಸೊಸೆ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದು, ಮಾವನ ಮುಖದ ಗಾಂಭೀರ್ಯ ಕಂಡು ಮತ್ತೆ ಮುಚ್ಚಿಕೊಂಡಳು.

ಶನಿವಾರ ಬೆಳಿಗ್ಗೆ ಅವರ ಕಣ್ಣಿಗೆ ಹೊಸದೊಂದು ಬಿತ್ತು. ಕುರ್ಚಿಯ ಮೇಲೆ ಕೂತ ಬೂದಿ ಅವರನ್ನೇ ನೋಡುತ್ತಾ ಎರಡೂ ಕಣ್ಣು ಮೆಲ್ಲಗೆ ಮುಚ್ಚಿತು. ಮೆಲ್ಲಗೆ ತೆರೆಯಿತು. ಮತ್ತೆ ಮುಚ್ಚಿತು. ಸಿಗ್ನಲ್ ದೀಪ ಹೀಗೆ ಮಿಣುಕಿದರೆ ಎಣ್ಣೆ ತೀರಿದೆ ಎಂದರ್ಥ. ಅವರು ಬುಟ್ಟಿಯಲ್ಲಿ ಬೂದಿಯನ್ನು ಹಾಕಿಕೊಂಡು ಪಶುವೈದ್ಯರಲ್ಲಿಗೆ ಓಡಿದರು.

ವೈದ್ಯರು ಒಂದು ಹಸುವಿನ ಬಾಯಿಯೊಳಗೆ ಮೊಣಕೈವರೆಗೂ ಕೈ ಹಾಕಿ ನಿಂತಿದ್ದರು. "ಏನು ತೊಂದರೆ?"

"ದೀಪ ಕೆಟ್ಟಿದೆ ಡಾಕ್ಟ್ರೇ. ಮಿಣುಕ್ತಾ ಇದೆ."

"ದೀಪಕ್ಕೆ ನಾನೇನ್ರೀ ಮಾಡ್ಲಿ? ಕರೆಂಟಿನವರಿಗೆ ಹೇಳಿ."

"ಬೆಕ್ಕಿನ ದೀಪ. ನನ್ನನ್ನ ನೋಡ್ತಾ ನಿಧಾನಕ್ಕೆ ಕಣ್ಣು ಮುಚ್ಚತ್ತೆ, ತೆಗೆಯತ್ತೆ."

ವೈದ್ಯರು ಬುಟ್ಟಿಯೊಳಗೆ ಇಣುಕಿ, ಬೂದಿಯ ಕಣ್ಣು ನೋಡಿದರು. "ಇದಕ್ಕೇನೂ ಆಗಿಲ್ಲ. ನಿಮ್ಮನ್ನ ಕಂಡ್ರೆ ಇಷ್ಟ ಇರಬೇಕು. ಮುಂದಿನವರು ಬನ್ನಿ!"

ಸಿಗ್ನಲಪ್ಪನವರಿಗೆ ಅವಮಾನವಾಯಿತು. "ಓದಿದವರು ಹಿಂಗೆ ತಮಾಷೆ ಮಾಡ್ತಾರೆ ನೋಡು," ಎಂದು ದಾರಿಯುದ್ದಕ್ಕೂ ಬೂದಿಗೆ ಹೇಳಿದರು. ಬೂದಿ ಬುಟ್ಟಿಯ ಸಂದಿಯಿಂದ ಮತ್ತೊಮ್ಮೆ ಕಣ್ಣು ಮಿಟುಕಿಸಿತು. ಅವರು ಮುಖ ತಿರುಗಿಸಿಕೊಂಡರು.

ಭಾನುವಾರ ಓನರಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. ಹಿಂದೆ ಇನ್ಸ್‌ಪೆಕ್ಟರು, ಕಂಕುಳಲ್ಲಿ ಫೈಲು, ಮುಖದಲ್ಲಿ ಇಡೀ ಪುರಸಭೆ. ಮಗ ಕುರ್ಚಿ ಎಳೆದು ಕೊಟ್ಟು ಗೋಡೆಗೊರಗಿ ನಿಂತ. ಹೆಂಡತಿ ತಟ್ಟೆಯಲ್ಲಿ ಚಹಾ ತಂದಳು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಂತಳು. ಸಿಗ್ನಲಪ್ಪನವರು ಹಳೆಯ ಯೂನಿಫಾರ್ಮಿನ ಕೋಟು ಹಾಕಿಕೊಂಡಿದ್ದರು. ಒಂದು ಗುಂಡಿ ಮಾತ್ರ ಹೊಟ್ಟೆಗೆ ಒಪ್ಪಿರಲಿಲ್ಲ.

"ಎಲ್ಲಿ, ಬೆಕ್ಕು?" ಎಂದರು ಇನ್ಸ್‌ಪೆಕ್ಟರು.

ಬೂದಿ ತಾನಾಗಿಯೇ ಬಂತು. ಅದರಷ್ಟು ಮರ್ಯಾದೆಯಿಂದ ಹಜಾರಕ್ಕೆ ಬಂದ ಹೆಣ್ಣುಮಗಳನ್ನು ಆ ಬೀದಿ ನೋಡಿರಲಿಕ್ಕಿಲ್ಲ. ಬಾಲವನ್ನು ನೆಟ್ಟಗೆ ಮೇಲೆತ್ತಿ, ತುದಿಯನ್ನು ಕೊಕ್ಕೆ ಮಾಡಿ, ಸೀದಾ ಓನರಮ್ಮನ ಕಾಲಿನತ್ತ ನಡೆಯಿತು. ಓನರಮ್ಮನ ತುಟಿಯ ಬಿಗಿ ಸಡಿಲವಾಯಿತು. "ಅಯ್ಯೋ, ಎಷ್ಟು ಲಕ್ಷಣ..." ಎನ್ನುತ್ತಾ ಕೈ ಚಾಚಿದಳು. ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿದೇಹೋಗುತ್ತಿತ್ತು.

"ನಿಲ್ಲೀ!" ಎಂದು ಸಿಗ್ನಲಪ್ಪ ಗರ್ಜಿಸಿದರು. "ಡೇಂಜರ್! ಕೈ ಎದ್ದಿದೆ! ಯಾರೂ ಮುಟ್ಟಬೇಡಿ!"

ಗೂಡ್ಸ್ ಗಾಡಿಯನ್ನೇ ನಿಲ್ಲಿಸಿದ ಗಂಟಲು ಅದು. ಓನರಮ್ಮನ ಕೈ ಗಾಳಿಯಲ್ಲೇ ನಿಂತಿತು. ಇನ್ಸ್‌ಪೆಕ್ಟರು ಫೈಲು ಸಮೇತ ಕುರ್ಚಿಯ ಮೇಲೆ ಹತ್ತಿದರು. ಬೂದಿ ಬೆಚ್ಚಿ ನೆಲಕ್ಕೆ ಕವುಚಿಕೊಂಡಿತು. ಕಿವಿ ಚಪ್ಪಟೆ, ಬಾಲ ಹೊಟ್ಟೆಯಡಿ, ಕಣ್ಣು ತುಂಬ ಕಪ್ಪು.

ಸಿಗ್ನಲಪ್ಪನವರ ಮುಖ ಅರಳಿತು. "ಹಾಂ! ಕೈ ಬಿತ್ತು ನೋಡಿ! ಲೈನ್ ಕ್ಲಿಯರ್! ಸಾರ್, ಇಳೀರಿ ಕೆಳಗೆ. ಈಗ ಎತ್ಕೊಳ್ಳಿ, ಹೂವಿನ ಥರ ಇರತ್ತೆ."

"ಖಂಡಿತಾನಾ?"

"ನನ್ನ ಸರ್ವೀಸಲ್ಲಿ ಒಂದು ಗಾಡಿನೂ ಡಿಕ್ಕಿ ಹೊಡ್ದಿಲ್ಲ ಸಾರ್."

"ಮಾವ, ಬೇಡ..." ಎಂದಳು ಸೊಸೆ. ಇಷ್ಟು ದಿನದಲ್ಲಿ ಮಾವನೊಂದಿಗೆ ಅವಳಾಗಿಯೇ ಆಡಿದ ಮೊದಲ ಮಾತು ಅದು. ಅದು ಮುಗಿಯುವಷ್ಟರಲ್ಲಿ ಇನ್ಸ್‌ಪೆಕ್ಟರು ಬಗ್ಗಿ ಬೂದಿಯನ್ನು ಎತ್ತಿದ್ದರು.

ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಬೂದಿ ಇನ್ಸ್‌ಪೆಕ್ಟರ ಕೈಯಿಂದ ಹೆಗಲಿಗೆ, ಹೆಗಲಿಂದ ಪರದೆಗೆ, ಪರದೆಯ ಕೋಲಿನಿಂದ ಚಹಾದ ತಟ್ಟೆಗೆ, ತಟ್ಟೆಯಿಂದ ಕಿಟಕಿಗೆ ಹೋಯಿತು. ಪರದೆಯು ಇನ್ಸ್‌ಪೆಕ್ಟರ ತಲೆಯ ಮೇಲೆ ಬಂತು. ಚಹಾ ಫೈಲಿನೊಳಗೆ ಹೋಯಿತು. ಕಿಟಕಿಯ ಕೆಳಗಿನ ಸಜ್ಜದ ಮೇಲೆ ಧೊಪ್ಪನೆ ಸದ್ದಾಯಿತು, ಆಮೇಲೆ ಕೆಳಗಿನ ಮನೆಯೊಳಗೆ ಎಲ್ಲೋ ಟಿಂಗ್ ಎಂದಿತು.

ಓನರಮ್ಮನ ಮುಖದಲ್ಲಿ ರಕ್ತವೇ ಇಲ್ಲದಾಯಿತು. "ನನ್ನ ಗೊಂಬೆಗಳು!"

ಪರದೆಯೊಳಗಿಂದ ಇನ್ಸ್‌ಪೆಕ್ಟರು ಅಬ್ಬರಿಸಿದರು. "ಪೊರಕೆ ಕೊಡಿ! ಈಗ್ಲೇ ಓಡಿಸ್ತೀನಿ ಅದನ್ನ!"

"ಸಿಗ್ನಲ್ ಸರಿಯಾಗೇ ಇತ್ತು..." ಎಂದು ಸಿಗ್ನಲಪ್ಪ ಶುರು ಮಾಡಿದರು. ಮಗನ ಮುಖ ನೋಡಿ ಉಳಿದದ್ದನ್ನು ನುಂಗಿದರು.

ಎಲ್ಲರೂ ಮೆಟ್ಟಿಲಿಗೆ ನುಗ್ಗಿದರು. ಅರ್ಧ ಮೆಟ್ಟಿಲಲ್ಲಿ ಸೊಸೆ ಮಾವನ ಕೋಟಿನ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೆ ಏದುಸಿರು. "ಮಾವ, ಒಂದು ಕೇಳ್ಲಾ? ನಿಮ್ಮ ರೈಲ್ವೇಲಿ ಎಲ್ಲಾ ಕಡೆ ಕೈಮರ ಒಂದೇ ಥರಾನಾ?"

"ಇದೇನಮ್ಮಾ, ಈ ಹೊತ್ತಲ್ಲಿ..." ಎಂದವರು, ರೈಲಿನ ಪ್ರಶ್ನೆಗೆ ಉತ್ತರ ಕೊಡದೆ ಇರಲಾಗದೆ ನಿಂತರು. "ಒಂದೇ ಥರ ಎಲ್ಲಿ ಬಂತು? ಜಂಕ್ಷನ್ ಆಚೆ ಲೈನಲ್ಲಿ ಉಲ್ಟಾ. ಅಲ್ಲಿ ಕೈನ ಆಕಾಶಕ್ಕೆ ಎತ್ತಿದ್ರೆ 'ಬಾ' ಅಂತ ಅರ್ಥ. ನಮ್ಮವರೊಬ್ರು ವರ್ಗ ಆಗಿ ಅಲ್ಲಿಗೆ ಹೋಗಿ ವಾರವೆಲ್ಲ ಗಾಬರಿ ಬಿದ್ದಿದ್ರು..."

"ಬೂದಿ ಆ ಲೈನಿಂದು ಮಾವ."

ಸಿಗ್ನಲಪ್ಪನವರು ಮೆಟ್ಟಿಲ ಕಂಬಿ ಹಿಡಿದುಕೊಂಡರು. ಒಂದೊಂದೇ ಸಂಜೆ ಅವರ ಕಣ್ಣ ಮುಂದೆ ಹಾದುಹೋಯಿತು.

"ಅಂದ್ರೆ... ದಿನಾ ಬಾಗಿಲಿಗೆ ಬರ್ತಿತ್ತಲ್ಲ, ಬಾಲ ಎತ್ಕೊಂಡು..."

"ನಿಮ್ಮನ್ನ ಕರೆಯೋಕೆ. ಬಾಲ ಮುದುರಿಕೊಂಡ್ರೆ ಹೆದರಿದೆ ಅಂತ. ಆಗ ಮುಟ್ಟಬಾರದು, ದಿಟ್ಟಿಸಿಯೂ ನೋಡಬಾರದು."

"ಗುರುಗುರು?"

"ಖುಷಿಗೆ. ಇಲ್ಲಿ ಹಾಯಾಗಿದೀನಿ ಅಂತ."

"ಮತ್ತೆ ದೀಪ? ಕಣ್ಣು?"

"ನೀವು ನಮ್ಮವರು ಅಂತ ಹೇಳೋದು ಮಾವ ಅದು. ನೀವೂ ಹಾಗೇ ಮೆಲ್ಲಗೆ ಮುಚ್ಚಿ ತೆಗೀಬೇಕು." ಇಷ್ಟು ಮಾತು ಒಟ್ಟಿಗೆ ಆಡಿದ್ದಕ್ಕೆ ಅವಳಿಗೇ ದಿಗಿಲಾಗಿ ಕಿವಿ ಕೆಂಪಾಯಿತು.

"ಮೊದಲೇ ಹೇಳಬಾರದಿತ್ತಾ ತಾಯಿ?"

"ನೀವು ಹಜಾರಕ್ಕೇ ಬರ್ತಿರಲಿಲ್ವಲ್ಲ ಮಾವ."

ಕೆಳಗಿನ ಹಜಾರದಲ್ಲಿ ಗೊಂಬೆಗಳ ಕಪಾಟಿನ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಬೂದಿ ಕೂತಿತ್ತು. ಒಂದು ಪಕ್ಕ ಕೊಡೆಯ ಹೆಂಗಸು, ಇನ್ನೊಂದು ಪಕ್ಕ ಬಾತುಕೋಳಿಗಳ ಸಾಲು. ಮಧ್ಯೆ ಬೂದಿ, ತಾನೂ ಒಂದು ಗೊಂಬೆಯಾಗಿಬಿಟ್ಟರೆ ಸಾಕು ಎನ್ನುವಂತೆ ಮುದುರಿಕೊಂಡು. ಇನ್ಸ್‌ಪೆಕ್ಟರು ಪೊರಕೆ ಎತ್ತಿದ್ದರು. ಓನರಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

"ನಿಲ್ಲೀ!" ಸಿಗ್ನಲಪ್ಪನವರ ಗಂಟಲೇ, ಆದರೆ ಈ ಸಲ ಪಿಸುದನಿಯಲ್ಲಿ. ಅದು ಗರ್ಜನೆಗಿಂತ ಹೆಚ್ಚು ಕೆಲಸ ಮಾಡಿತು. "ಕೈ ಬಿದ್ದಿದೆ. ಯಾರೂ ಕದಲಬೇಡಿ. ಸಾರ್, ಪೊರಕೆ ಇಳಿಸಿ."

"ಆಗ ಕೈ ಬಿದ್ರೆ ಎತ್ಕೋ ಅಂದ್ರಿ!"

"ಅದು ಬೇರೆ ಲೈನ್ ಸಾರ್. ಗಾಡಿ ಆಚೆ ಲೈನಿಗೆ ಬಂದಿದೆ."

ಅವರು ಮೆಲ್ಲಗೆ ನೆಲದ ಮೇಲೆ ಕೂತರು. ಕೋಟಿನ ಉಳಿದ ಗುಂಡಿಗಳಲ್ಲಿ ಒಂದು ಕಿತ್ತು ಉರುಳಿ ಹೋಯಿತು. ಅವರು ಅತ್ತ ನೋಡಲಿಲ್ಲ. ಬೂದಿಯನ್ನೂ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕಾದರು. ಕಾಯುವುದೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಬಾರದ ರೈಲಿಗೆ ಲಿವರು ಹಿಡಿದು ಇಡೀ ಹಗಲು ನಿಂತವರು ಅವರು.

"ಎಷ್ಟೊತ್ತು ಹಿಂಗೇ?" ಎಂದಳು ಓನರಮ್ಮ ತುಟಿ ಅಲುಗಿಸದೆ. "ನನ್ನ ಮಂಡಿ!"

"ಕೂತ್ಕೊಳ್ಳಿ ಅಮ್ಮ. ಗಾಡಿ ತಡ ಇದೆ."

ಓನರಮ್ಮ ಕೂತಳು. ಹೆಂಡತಿ ಕೂತಳು. ಮಗ ಕೂತ. ಇನ್ಸ್‌ಪೆಕ್ಟರು ಸರ್ಕಾರದ ಮರ್ಯಾದೆಗಾಗಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ಅವರೂ ಕೂತರು. ಬಹಳ ಹೊತ್ತಿನ ಮೇಲೆ ಬೂದಿಯ ಕಿವಿ ಒಂದು ನಿಮಿರಿತು. ಆಮೇಲೆ ಇನ್ನೊಂದು. ಅದು ಕೆಳಗೆ ಸಿಗ್ನಲಪ್ಪನವರನ್ನು ನೋಡಿತು, ಕಣ್ಣು ಮೆಲ್ಲಗೆ ಮುಚ್ಚಿತು, ತೆರೆಯಿತು.

ಓರೆಗಣ್ಣಲ್ಲಿ ಅದನ್ನು ಕಂಡ ಸಿಗ್ನಲಪ್ಪನವರು ಅತ್ತ ತಿರುಗಿ ತಮ್ಮ ಕಣ್ಣುಗಳನ್ನು ಮೆಲ್ಲಗೆ ಮುಚ್ಚಿದರು. ಎಂಥ ಲಿವರನ್ನೂ ಅವರು ಅಷ್ಟು ಜೋಪಾನವಾಗಿ ಎಳೆದಿರಲಿಲ್ಲ. ಮೆಲ್ಲಗೆ ತೆರೆದರು.

ಬೂದಿ ಎದ್ದಿತು. ಕೊಡೆಯ ಹೆಂಗಸಿನ ಹಿಂದಿನಿಂದ ಸುತ್ತಿ, ಬಾತುಕೋಳಿಗಳ ನಡುವೆ ಒಂದೊಂದೇ ಪಾದ ಇಟ್ಟು, ಕೊಳಲಿನ ಹುಡುಗನ ಪಕ್ಕದಲ್ಲಿ ಉಸಿರಿನಷ್ಟು ಜಾಗದಲ್ಲಿ ನುಸುಳಿ, ಹಲಗೆಯಿಂದ ಹಲಗೆಗೆ ಇಳಿಯಿತು. ಒಂದು ಗೊಂಬೆಯೂ ಅಲುಗಲಿಲ್ಲ. ನೆಲಕ್ಕೆ ಬಂದದ್ದೇ ಬಾಲ ಮೇಲೆದ್ದಿತು, ತುದಿ ಕೊಕ್ಕೆಯಾಯಿತು. ಸೀದಾ ಓನರಮ್ಮನ ಮುಂದೆ ಹೋಗಿ ನಿಂತಿತು.

ಓನರಮ್ಮ ಕಲ್ಲಾಗಿದ್ದಳು. "ಈಗೇನ್ರೀ? ಮುಟ್ಟಬಹುದಾ, ಬೇಡವಾ?"

ಸಿಗ್ನಲಪ್ಪನವರು ಸೊಸೆಯತ್ತ ನೋಡಿದರು. ಸೊಸೆ ತಲೆಯಾಡಿಸಿದಳು.

"ಲೈನ್ ಕ್ಲಿಯರ್ ಅಮ್ಮಾ."

ಓನರಮ್ಮನ ಬೆರಳು ಬೂದಿಯ ಗಲ್ಲ ಮುಟ್ಟಿತು. ಬೂದಿ ತಲೆಯನ್ನೇ ಅವಳ ಅಂಗೈಗೆ ಒತ್ತಿತು.

"ಅಕ್ಕಾ, ರಿಪೋರ್ಟ್ ಬರೀಲಾ?" ಎಂದರು ಇನ್ಸ್‌ಪೆಕ್ಟರು, ಚಹಾ ತೊಟ್ಟಿಕ್ಕುವ ಫೈಲು ಬಿಚ್ಚುತ್ತಾ ಏಳಹೋಗಿ. ಅವರ ಮೊಣಕೈ ಕಪಾಟಿಗೆ ತಗುಲಿತು. ಬಾತುಕೋಳಿಯೊಂದು ಕೆಳಗೆ ಬಿದ್ದು ಕತ್ತು ಕಳೆದುಕೊಂಡಿತು.

ಓನರಮ್ಮ ಒಡೆದ ಬಾತುಕೋಳಿಯನ್ನು ನೋಡಿದಳು. ತಮ್ಮನನ್ನು ನೋಡಿದಳು. "ಅದು ಆ ತುದಿಯಿಂದ ಈ ತುದಿಗೆ ಬಂತು, ಒಂದಾದ್ರೂ ಒಡೀತಾ? ನೀನು ಬಂದಾಗಲೆಲ್ಲ ಒಂದು ಒಡೀತೀಯ. ಬೆಕ್ಕು ಇರಲಿ. ನೀನು ಹೊರಡು."

ಬಾಗಿಲ ಹತ್ತಿರ ಸೊಸೆ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ನಕ್ಕವಳು ಮೂಗಿನವರೆಗೂ ಸೆರಗು ಎಳೆದುಕೊಂಡಳು, ಆದರೂ ನಿಲ್ಲಲಿಲ್ಲ.

ಮರುದಿನ ಸಂಜೆ ಸಿಗ್ನಲಪ್ಪನವರು ಮೆಟ್ಟಿಲು ಹತ್ತಿ ಬಂದಾಗ ಬೂದಿ ಬಾಲವೆತ್ತಿ ಓಡಿ ಬಂತು. ಅವರು ಈ ಸಲ ಒಂದೇ ಒಂದು ಮೆಟ್ಟಿಲೂ ಹಿಂದೆ ಸರಿಯಲಿಲ್ಲ. ಬಗ್ಗಿ, "ಬಂದೆ ತಾಯಿ, ಬಂದೆ," ಎಂದರು. ಹಜಾರಕ್ಕೆ ಕಾಲಿಟ್ಟರು. ಸೊಸೆ ಪುಸ್ತಕ ಮುಚ್ಚಿ ತಟ್ಟನೆ ಎದ್ದು ನಿಂತಳು. ಹಳೆಯ ಅಭ್ಯಾಸ, ಅವರ ಕಾಲು ಹೊಸ್ತಿಲಲ್ಲೇ ತಡೆಯಿತು. ಜೇಬಿಗೆ ಹೋದ ಕೈಯನ್ನು ಅವರೇ ಹೊರಗೆ ತೆಗೆದರು.

"ಅಮ್ಮಾ, ಒಂದು ಕೇಳ್ತೀನಿ. ನೀನು ಎದ್ದು ನಿಲ್ತೀಯಲ್ಲ, ಇದು ಯಾವ ಲೈನಿನ ಕೈಮರ?"

ಅವಳು ಬೂದಿಯ ಕಡೆ ನೋಡಿದಳು. "ನಂದೂ ಅದೇ ಲೈನು ಮಾವ. ಒಳಗೆ ಬನ್ನಿ."

ಅವರು ಒಳಗೆ ಬಂದು ಕೂತರು. ತಮ್ಮ ಸ್ವಂತ ಕುರ್ಚಿ ಇಷ್ಟು ಮೆತ್ತಗಿದೆ ಎಂದು ಅವರಿಗೆ ನೆನಪೇ ಇರಲಿಲ್ಲ. ಸೊಸೆಯೂ ಕೂತಳು, ಬೂದಿ ಇಬ್ಬರನ್ನೂ ನೋಡಿ ಯೋಚಿಸಿ, ಕೊನೆಗೆ ಮಾವನ ಮಡಿಲು ಹತ್ತಿ ಗುರುಗುಟ್ಟತೊಡಗಿತು. ಅಡುಗೆಮನೆಯಲ್ಲಿದ್ದ ಹೆಂಡತಿ ಸದ್ದು ಕೇಳಿದ್ದೇ ಒದ್ದೆ ಕೈಯಲ್ಲೇ ಓಡಿ ಬಂದು ಕಿಟಕಿಯ ಬಾಗಿಲು ಎಳೆದಳು.

"ತೆಗೆದಿರಲಿ ಬಿಡೇ," ಎಂದರು ಸಿಗ್ನಲಪ್ಪ, ಅಲುಗಿದರೆ ಬೂದಿ ಎದ್ದೀತೆಂದು ಕುತ್ತಿಗೆಯನ್ನೂ ತಿರುಗಿಸದೆ. "ಈ ಇಂಜಿನ್ನು ಎಲ್ಲಿಗೂ ಹೊರಡೋದಿಲ್ಲ."

ಹೆಂಡತಿ ಕಿಟಕಿ ಹಿಡಿದೇ ನಿಂತಳು. "ಹಾಗಾದ್ರೆ ಇಷ್ಟು ದಿನ ನಾನು ಬೆವರಿದ್ದು ಯಾವ ಸಿಗ್ನಲ್ಲಿಗೆ?"

"ಡ್ರೈವರ್ ತಪ್ಪು ಅತ್ತೆ," ಎಂದಳು ಸೊಸೆ.